ಬಾಡಿಗೆ ಹಣ ಎಷ್ಟು ಸಾಲ ಹೊತ್ತೀತು?

ಓದುಗರ ಪತ್ರ: ನಾನು ಬೆಂಗಳೂರಿನಲ್ಲಿ ಶಾಲಾ ಶಿಕ್ಷಕಿ. ಕೈಯಲ್ಲಿ 22 ಲಕ್ಷ ಉಳಿತಾಯ ಇದೆ. ವೈಟ್‌ಫೀಲ್ಡ್ ಕಡೆ ಎರಡು ಬೆಡ್‌ರೂಮಿನ ಫ್ಲಾಟೊಂದು 70 ಲಕ್ಷಕ್ಕೆ ಬಂದಿದೆ. 24 ಸಾವಿರ ಬಾಡಿಗೆ ಬರುತ್ತೆ, ಅದರಲ್ಲೇ ಇಎಂಐ ತೀರುತ್ತೆ, 10 ತಿಂಗಳ ಅಡ್ವಾನ್ಸೂ ಕೈಗೆ ಸಿಗುತ್ತೆ ಅಂತಾರೆ ಬ್ರೋಕರ್. ತಗೊಳ್ಳಬಹುದಾ? ನಾವಿರುವುದು ವಿಜಯನಗರದ ಸ್ವಂತ ಮನೆಯಲ್ಲಿ. 30x40 ಸೈಟು, ನೆಲಮಹಡಿ ಮಾತ್ರ.

ಸಂಪಾದಕರ ಉತ್ತರ: ಮೇಡಂ, ಅದರಲ್ಲಿ ಇಎಂಐ ತೀರುವುದಿಲ್ಲ. ಪೆನ್ನು ಹಿಡಿದು ಕೂತರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

70 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ 80, ಅಂದರೆ 56 ಲಕ್ಷ ಸಾಲ ಕೊಡುತ್ತದೆ. ಉಳಿದ 14 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ. ಎಲ್ಲ ಸೇರಿ 5 ಲಕ್ಷ ದಾಟುತ್ತದೆ. ಬ್ಯಾಂಕು ಇದನ್ನು ಮನೆಯ ಬೆಲೆಗೆ ಸೇರಿಸಿಕೊಳ್ಳುವುದಿಲ್ಲ, ಅದೂ ನಿಮ್ಮ ಕೈಯಿಂದಲೇ. ಬ್ರೋಕರ್ ಕಮಿಷನ್ನು, ಪೇಂಟಿಂಗು, ಗೀಸರು ಅಂತ ಮುಗಿಸುವಷ್ಟರಲ್ಲಿ ನಿಮ್ಮ ಉಳಿತಾಯ ಖಾಲಿ.

ಬಡ್ಡಿ ಶೇ 8.5, ಅವಧಿ 20 ವರ್ಷ ಅಂತಿಟ್ಟುಕೊಳ್ಳಿ. ಇಎಂಐ ಸುಮಾರು 48,600. ಮೊದಲ ಕಂತಿನಲ್ಲಿ ಬಡ್ಡಿಯೇ 39 ಸಾವಿರ ಮೀರುತ್ತದೆ. ಅಂದರೆ ಬಾಡಿಗೆ ಬಡ್ಡಿಗೂ ಸಾಲದು, ಅಸಲಿನ ಮಾತು ದೂರ. ವರ್ಷಕ್ಕೆ ಶೇ 5 ಏರಿಸಿದರೂ ಬಾಡಿಗೆ ಇಎಂಐಯನ್ನು ಮುಟ್ಟಲು 14 ವರ್ಷ ದಾಟಬೇಕು.

ಆ 24 ಸಾವಿರವೂ ಪೂರ್ತಿ ಕೈಗೆ ಬರುವುದಿಲ್ಲ. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ತನಕ ಒಂದು ತಿಂಗಳಾದರೂ ಮನೆ ಬೀಗ ಹಾಕಿರುತ್ತದೆ, ಆ ತಿಂಗಳ ಮೇಂಟೆನೆನ್ಸ್ ನಿಮ್ಮ ತಲೆಗೆ. ಆಸ್ತಿ ತೆರಿಗೆ, ನಲ್ಲಿ, ಮೋಟಾರು ರಿಪೇರಿ ಕಳೆದರೆ ತಿಂಗಳಿಗೆ 20 ಸಾವಿರ ಉಳಿದೀತು. ಈಗ ಲೆಕ್ಕವನ್ನು ತಿರುಗಿಸಿ ನೋಡಿ. 20 ಸಾವಿರ ಎಷ್ಟು ಸಾಲದ ಕಂತು ಕಟ್ಟಬಲ್ಲದು? ಇದೇ ಬಡ್ಡಿಗೆ ಬರೀ 23 ಲಕ್ಷದ್ದು. ಉಳಿದ 33 ಲಕ್ಷದ ಕಂತು ನಿಮ್ಮ ಸಂಬಳದಿಂದ ಹೋಗಬೇಕು, ತಿಂಗಳಿಗೆ 28 ಸಾವಿರಕ್ಕೂ ಜಾಸ್ತಿ. ಮುಂದೆ ರೇಟು ಏರುತ್ತೆ ಅನ್ನುವ ಒಂದೇ ನಂಬಿಕೆ ಮೇಲೆ ಇಷ್ಟು ಕಟ್ಟುತ್ತಾ ಹೋಗಬೇಕು. ಏರಲೂಬಹುದು. ಆದರೆ ಅದನ್ನು ಬಾಡಿಗೆ ಆದಾಯ ಅನ್ನಬೇಡಿ.

ಅಡ್ವಾನ್ಸ್ ಅಂತೂ ಆದಾಯವೇ ಅಲ್ಲ. ಅದು ಬಾಡಿಗೆದಾರರ ದುಡ್ಡು. ಅವರು ಹೊರಡುವ ದಿನ ಪೇಂಟಿಂಗಿನದು ಹಿಡಿದುಕೊಂಡು ಉಳಿದದ್ದನ್ನು ಎಣಿಸಿ ಕೊಡಬೇಕು. ಅದನ್ನು ಕಂತಿಗೆ ಹಾಕಿ, ಆಮೇಲೆ ಕೈಸಾಲಕ್ಕೆ ಓಡಾಡುವ ಮಾಲೀಕರು ಈ ಊರಲ್ಲಿ ಕಡಿಮೆಯೇನಿಲ್ಲ.

ತೆರಿಗೆ ಉಳಿಯುತ್ತೆ ಅಂತಲೂ ಬ್ರೋಕರ್ ಹೇಳಿರಬೇಕು, ಅಲ್ವಾ? ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ಬಿಟ್ಟು, ಬಡ್ಡಿಯನ್ನೂ ಕಳೆಯಬಹುದು, ನಿಜ. ಆದರೆ ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ಹೀಗೆ ಬರುವ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬಿಡುವುದಿಲ್ಲ. ಹಳೆಯ ಪದ್ಧತಿಯಲ್ಲೂ ವರ್ಷಕ್ಕೆ 2 ಲಕ್ಷದ ತನಕ ಮಾತ್ರ.

ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ನಿಮ್ಮ ಪತ್ರದ ಕೊನೆಯ ಸಾಲು. ವಿಜಯನಗರದಲ್ಲಿ, ಮೆಟ್ರೋ ಇರುವ ಕಡೆ, ಸ್ವಂತ ಸೈಟಿನ ಮೇಲೆ ಬರೀ ನೆಲಮಹಡಿ! ಮೇಲೆ 700 ಚದರಡಿಯ ಮನೆ ಕಟ್ಟಿಸಿದರೆ ಹೊರಗಿನ ಮೆಟ್ಟಿಲು, ಬೇರೆ ಕರೆಂಟ್ ಮೀಟರು ಎಲ್ಲ ಸೇರಿ 18 ಲಕ್ಷದ ಆಸುಪಾಸಿನಲ್ಲಿ ಮುಗಿಯಬಹುದು. 16 ಸಾವಿರ ಬಾಡಿಗೆ ಬಂದರೂ ವರ್ಷಕ್ಕೆ 1.92 ಲಕ್ಷ. ಹಾಕಿದ ದುಡ್ಡಿಗೆ ಶೇ 10 ಮೇಲೆ. ಆ ಫ್ಲಾಟಿನಲ್ಲಿ ಹೀಗೇ ಖರ್ಚು ಕಳೆಯದೆ ಲೆಕ್ಕ ಹಾಕಿದರೂ ಸಿಗುವುದು ಶೇ 4ರ ಸುತ್ತಮುತ್ತ. ಜಾಗದ ಬೆಲೆ ಸೇರಿಸದೆ ಹೋಲಿಸುವುದು ಮೋಸ ಅಂತ ಲೆಕ್ಕಪರಿಶೋಧಕರು ತಕರಾರು ತೆಗೆದಾರು. ಜಾಗ ಹೇಗೂ ನಿಮ್ಮದು, ಅದನ್ನು ಮಾರುವ ಯೋಚನೆಯೂ ಇಲ್ಲವಲ್ಲ. ತಲೆ ಮೇಲೇ ಬಾಡಿಗೆದಾರರು ಓಡಾಡುವ ಸದ್ದು ಮಾತ್ರ ಸಹಿಸಿಕೊಳ್ಳಬೇಕು.

ಮೊದಲು ಸ್ಟ್ರಕ್ಚರಲ್ ಎಂಜಿನಿಯರೊಬ್ಬರನ್ನು ಕರೆಸಿ ಪಾಯ, ಪಿಲ್ಲರ್ ತೋರಿಸಿ. ಮನೆ ಪಿಲ್ಲರ್ ಇಲ್ಲದೆ ಬರೀ ಗೋಡೆ ಮೇಲೆ ನಿಂತಿದ್ದರೆ ಖರ್ಚು ಏರಬಹುದು. ಅವರು ಒಪ್ಪಿದ ಮೇಲೆ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಪ್ಲ್ಯಾನ್ ಮಂಜೂರಾತಿ. ಗಾರೆ ಮೇಸ್ತ್ರಿಗೆ ಅಡ್ವಾನ್ಸ್ ಕೊಡುವುದು ಇದೆಲ್ಲ ಕೈಗೆ ಬಂದ ಮೇಲೆ.

— ಸಂ.