ಸ್ವೈಪ್ ಮಾಡಿ ಮನೆಗೆ ಹೋಗುವ ಸಹೋದ್ಯೋಗಿಯ ಬಗ್ಗೆ ಹೆಚ್‌ಆರ್‌ಗೆ ಹೇಳಬೇಕಾ?

ನೀವು ಕೇಳಿದ್ದು ಇದು: ಟೀಮಿನಲ್ಲಿ ಒಬ್ಬರು ಹತ್ತು ಗಂಟೆಗೆ ಬರುತ್ತಾರೆ, ಗೇಟಿನಲ್ಲಿ ಕಾರ್ಡ್ ಸ್ವೈಪ್ ಮಾಡುತ್ತಾರೆ, ಕಾಫಿ ಕುಡಿದು ನಾಲ್ಕು ಜನರಿಗೆ ಮುಖ ತೋರಿಸಿ ಹನ್ನೊಂದೂವರೆಗೆ ಮನೆ ದಾರಿ ಹಿಡಿಯುತ್ತಾರೆ. ನೀವು ಕೆಂಗೇರಿಯಿಂದ ಮಾರತ್ತಹಳ್ಳಿಗೆ ಬಂದು ಸಂಜೆ ಆರೂವರೆವರೆಗೆ ಕೂರುತ್ತೀರಿ. ಹೆಚ್‌ಆರ್‌ಗೆ ಹೇಳಬೇಕಾ? ಹೆಸರು ಹಾಕದೆ ಹೇಳಬಹುದಾ?

ಹೇಳಬೇಡಿ. ಎರಡು ಸಂದರ್ಭ ಬಿಟ್ಟು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹದಿನಾಲ್ಕು ವರ್ಷದಿಂದ ಬೆಂಗಳೂರಿನ ಐಟಿಯಲ್ಲಿದ್ದೇನೆ, ಈಗ ಒಂದು ಸಣ್ಣ ಟೀಮ್ ನೋಡಿಕೊಳ್ಳುತ್ತೇನೆ. ನಿಮ್ಮ ಸಹೋದ್ಯೋಗಿ ಮಾಡುತ್ತಿರುವುದಕ್ಕೆ ‘ಕಾಫಿ ಬ್ಯಾಡ್ಜಿಂಗ್’ ಅಂತ ಹೆಸರೇ ಇದೆ. ನಮ್ಮಲ್ಲಿ ಅದಕ್ಕೆ ಹಳೇ ಮಾತೇ ಇದೆಯಲ್ಲ, ಹೋದ ಪುಟ್ಟ ಬಂದ ಪುಟ್ಟ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕಿತ್ತು. ಸರಾಸರಿ ಅಂದರೆ ಭಾನುವಾರವೂ ಸೇರಿ, ರಾತ್ರಿ ಹೊತ್ತೂ ಸೇರಿ. ಮಳೆ ಬಂದ ಬುಧವಾರ ಸಂಜೆ ಸಿಲ್ಕ್ ಬೋರ್ಡ್‌ನಲ್ಲಿ ನಿಂತವರಿಗೆ ಆ 34 ನಿಮಿಷ ಕೇಳಿದರೆ ನಗು ಬರುತ್ತದೆ. ಹಾಗಾಗಿ ನಿಜ ಹೇಳಿ, ನಿಮಗೆ ಸಿಟ್ಟಿರುವುದು ಅವರ ಮೇಲಾ, ಬಸ್ಸಿನ ಮೇಲಾ? ನನ್ನ ವಿಷಯದಲ್ಲಿ ಮುಕ್ಕಾಲು ಪಾಲು ಬಸ್ಸಿನ ಮೇಲಿತ್ತು. ಉಳಿದ ಕಾಲು ಹೊಟ್ಟೆಉರಿ. ಹೌದು, ಒಪ್ಪಿಕೊಳ್ಳುತ್ತೇನೆ.

ಇನ್ನೊಂದು. ನೀವು ಹೇಳಿದರೆ ಮಾತ್ರ ಕಂಪನಿಗೆ ಗೊತ್ತಾಗುತ್ತದೆ ಅಂದುಕೊಂಡಿದ್ದರೆ, ಅದು ತಪ್ಪು. ಗೇಟಿನ ಸ್ವೈಪ್‌ನಲ್ಲಿ ಒಳಗೆ ಬಂದ ಹೊತ್ತೂ ಇರುತ್ತದೆ, ಹೊರಗೆ ಹೋದ ಹೊತ್ತೂ ಇರುತ್ತದೆ. ಲ್ಯಾಪ್‌ಟಾಪ್ ಎಷ್ಟೊತ್ತು ಆಫೀಸ್ ವೈಫೈನಲ್ಲಿತ್ತು, ಎಷ್ಟೊತ್ತಿಗೆ ಮನೆಯಿಂದ ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರುವ ದಾರಿ) ಹಾಕಿಕೊಂಡಿತು ಅನ್ನುವುದೂ ಲಾಗ್‌ನಲ್ಲಿ ಇರುತ್ತದೆ. ಟಿಸಿಎಸ್‌ನಲ್ಲಿ 2024ರಿಂದ ಹಾಜರಿ ಶೇ 60ಕ್ಕಿಂತ ಕಡಿಮೆ ಆದರೆ ಆ ತ್ರೈಮಾಸಿಕದ ವೇರಿಯಬಲ್ ಪೇ, ಅಂದರೆ ಸಂಬಳದಲ್ಲಿ ಏರಿಳಿಯುವ ಪಾಲು, ಇಲ್ಲ ಅಂತ ಸುದ್ದಿಯಾಗಿತ್ತು. ಇನ್ಫೋಸಿಸ್‌ನಲ್ಲಿ 2025ರ ಮಾರ್ಚ್‌ನಿಂದ ಕೆಳ ಹಂತದ ನೌಕರರಿಗೆ ತಿಂಗಳಿಗೆ ಕನಿಷ್ಠ ಹತ್ತು ದಿನ ಆಫೀಸ್ ಅಂತ ಬಂತು. ಇದನ್ನೆಲ್ಲ ಲೆಕ್ಕ ಹಾಕುವುದು ಮೆಷಿನ್, ಪಕ್ಕದ ಸೀಟಿನವರಲ್ಲ. ಬರೀ ಸ್ವೈಪ್ ಸಾಕೋ, ಇಷ್ಟು ಗಂಟೆ ಕೂರಲೇಬೇಕೋ ಅನ್ನುವುದು ಆಯಾ ಕಂಪನಿ ಮಾಡಿಕೊಂಡ ನಿಯಮ. ನಿಮ್ಮ ಸಹೋದ್ಯೋಗಿ ಹನ್ನೊಂದೂವರೆಗೆ ಹೋಗುತ್ತಲೇ ಇದ್ದಾರೆ ಅಂದರೆ ಕಂಪನಿ ನೋಡಿಯೂ ಸುಮ್ಮನಿದೆ, ಇಲ್ಲವೇ ಅವರ ಮ್ಯಾನೇಜರ್ ಒಪ್ಪಿಗೆ ಕೊಟ್ಟಿದ್ದಾರೆ.

ಈಗ ನನ್ನ ಕಥೆ. ಆಗ ನಾನಿದ್ದ ಕಂಪನಿಯಲ್ಲಿ ವಾರಕ್ಕೆ ಮೂರು ದಿನ ಕಡ್ಡಾಯ ಮಾಡಿದ್ದರು. ನನ್ನ ಎದುರು ಸೀಟಿನವರು ಬರುತ್ತಿದ್ದರು, ಬ್ಯಾಗ್ ಕೂಡ ಬಿಚ್ಚುತ್ತಿರಲಿಲ್ಲ. ಕುರ್ಚಿ ಮೇಲೆ ಒಂದು ನೀಲಿ ಜಾಕೆಟ್ ನೇತುಹಾಕಿ ಹೋಗುತ್ತಿದ್ದರು, ಯಾರಾದರೂ ಕೇಳಿದರೆ ‘ಇಲ್ಲೇ ಎಲ್ಲೋ ಇದ್ದಾರೆ’ ಅನ್ನಲಿ ಅಂತ. ಆ ಜಾಕೆಟ್ ನೋಡಿ ನೋಡಿ ನನಗೆ ಮೈ ಉರಿದುಹೋಗಿತ್ತು. ಒಂದು ದಿನ ಮ್ಯಾನೇಜರ್ ಜೊತೆ ಮಾತಾಡುವಾಗ ಬಾಯಿ ಬಿಟ್ಟೆ. ಚಾಡಿ ಅಂತ ನನಗೆ ಅನಿಸಲೇ ಇಲ್ಲ. ‘ಸುಮ್ನೆ ನಿಮ್ಮ ಗಮನಕ್ಕೆ ತರ್ತಿದ್ದೀನಿ’ ಅಂದೆ.

ಎರಡು ವಾರದಲ್ಲಿ ಒಂದು ಮೇಲ್ ಬಂತು, ಎಲ್ಲರಿಗೂ. ಇನ್ನು ಮೇಲೆ ಮೊದಲ ಸ್ವೈಪ್‌ಗೂ ಕೊನೆಯ ಸ್ವೈಪ್‌ಗೂ ನಡುವೆ ಆರು ಗಂಟೆ ಇರಲೇಬೇಕು, ಇಲ್ಲದಿದ್ದರೆ ಅರ್ಧ ದಿನ ರಜೆ ಕಟ್. ಜಾಕೆಟ್‌ನವರಿಗೆ ಏನಾಯಿತು? ಏನೂ ಆಗಲಿಲ್ಲ. ಅವರು ಅಮೆರಿಕದ ಕ್ಲೈಂಟ್ ಜೊತೆ ರಾತ್ರಿ ಒಂದು ಗಂಟೆವರೆಗೆ ಕಾಲ್‌ನಲ್ಲಿ ಇರುತ್ತಿದ್ದರು. ಅದಕ್ಕೆ ವಿನಾಯಿತಿ ಮೊದಲೇ ತೆಗೆದುಕೊಂಡಿದ್ದರು, ಮೇಲ್‌ನಲ್ಲಿ, ಲಿಖಿತವಾಗಿ. ನನಗೆ ಹೇಳುವ ಅಗತ್ಯ ಅವರಿಗೆ ಇರಲಿಲ್ಲ ಅಷ್ಟೇ. ಮೊದಲು ಸಿಕ್ಕಿಬಿದ್ದವಳು ನಾನೇ! ಗುರುವಾರ ಮಗನನ್ನು ಶಾಲೆಯಿಂದ ಬೇಗ ಕರೆದುಕೊಂಡು ಬರಬೇಕಿತ್ತು, ಎರಡೂವರೆಗೇ ಹೊರಡುತ್ತಿದ್ದೆ, ಉಳಿದ ಕೆಲಸ ರಾತ್ರಿ ಮುಗಿಸುತ್ತಿದ್ದೆ. ಅದು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ, ಅದೂ ಎರಡೂ ಕೈಯಲ್ಲಿ ಎತ್ತಿ.

ಸರಿ, ಆ ಎರಡು ಸಂದರ್ಭ.

ಮೊದಲನೆಯದು, ಒಬ್ಬರ ಕಾರ್ಡನ್ನು ಇನ್ನೊಬ್ಬರು ಸ್ವೈಪ್ ಮಾಡುವುದು. ಕಾಲೇಜಿನ ಪ್ರಾಕ್ಸಿ ಅಟೆಂಡೆನ್ಸ್ ಇದ್ದಂತೆ ಅಂತ ಹುಡುಗರು ತಮಾಷೆಯಾಗಿ ತೆಗೆದುಕೊಳ್ಳುತ್ತಾರೆ. ಇದು ತಮಾಷೆ ಅಲ್ಲ ಅಂತ ನನಗೆ ತಿಳಿದದ್ದು ಒಂದು ಫೈರ್ ಡ್ರಿಲ್ ದಿನ. ಏಳನೇ ಮಹಡಿಯಿಂದ ಮೆಟ್ಟಿಲಿಳಿದು ಪಾರ್ಕಿಂಗ್ ಪಕ್ಕದ ಅಸೆಂಬ್ಲಿ ಪಾಯಿಂಟ್‌ನಲ್ಲಿ ನಿಂತಿದ್ದೆವು. ಸೆಕ್ಯೂರಿಟಿಯವರು ಸ್ವೈಪ್ ಲಿಸ್ಟ್‌ನ ಪ್ರಿಂಟ್‌ಔಟ್ ಹಿಡಿದು ಹೆಸರು ಕೂಗಿದರು. ಒಂದು ಹೆಸರಿಗೆ ಉತ್ತರ ಇಲ್ಲ. ಮತ್ತೆ ಕೂಗಿದರು. ಯಾರೋ ‘ವಾಶ್‌ರೂಮಲ್ಲಿ ಇರಬೇಕು’ ಅಂದರು. ಫ್ಲೋರ್ ವಾರ್ಡನ್ ಆಗಿದ್ದ ಹುಡುಗಿ, ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಮತ್ತೆ ಏಳು ಮಹಡಿ ಹತ್ತಿ ಹೋದಳು. ಟಾಯ್ಲೆಟ್ ಬಾಗಿಲು ಒಂದೊಂದಾಗಿ ಬಡಿದು, ಬೆವರು ಸುರಿಸಿಕೊಂಡು ವಾಪಸ್ ಬಂದಳು. ಆ ಮನುಷ್ಯ ಆಗ ನಾಗರಬಾವಿಯ ಮನೆಯಲ್ಲಿದ್ದ. ಅವನ ಕಾರ್ಡ್ ನನ್ನ ಪಕ್ಕ ನಿಂತಿದ್ದವನ ಜೇಬಿನಲ್ಲಿತ್ತು. ಆ ಪಕ್ಕದವನ ಮುಖ ಬಿಳುಚಿಹೋಗಿತ್ತು. ಡ್ರಿಲ್ ಆಗಿದ್ದಕ್ಕೆ ಸರಿಹೋಯಿತು. ನಿಜವಾಗಿ ಹೊಗೆ ತುಂಬಿದ್ದರೆ ಆ ಹುಡುಗಿ ಇಲ್ಲದ ಮನುಷ್ಯನನ್ನು ಹುಡುಕಲು ಒಳಗೆ ಹೋಗಿರುತ್ತಿದ್ದಳು.

ಹಾಗಾಗಿ ಯಾರಾದರೂ ತಮ್ಮ ಕಾರ್ಡ್ ನಿಮ್ಮ ಕೈಗೆ ಕೊಟ್ಟರೆ ಆಗಲೇ ವಾಪಸ್ ಕೊಡಿ. ಬೇರೆಯವರು ಮಾಡುತ್ತಿರುವುದು ಕಂಡರೆ ಒಂದು ಸಲ ನೇರವಾಗಿ ಅವರಿಗೇ ಹೇಳಿ. ಕೇಳಲಿಲ್ಲ ಅಂದರೆ ಮ್ಯಾನೇಜರ್‌ಗೆ ಹೇಳಿ, ನನಗೆ ಇದರಲ್ಲಿ ಸಂಕೋಚ ಇಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುವುದು ಇಬ್ಬರದ್ದೂ, ಕಾರ್ಡ್ ಕೊಟ್ಟವನದ್ದು ಮಾತ್ರ ಅಲ್ಲ.

ಎರಡನೆಯದು, ಅವರು ಹೋದ ಮೇಲೆ ಅವರ ಕೆಲಸ ನಿಮ್ಮ ತಲೆ ಮೇಲೆ ಬಿದ್ದರೆ. ಆಗಲೂ ಹಾಜರಿ ಮಾತು ಎತ್ತಬೇಡಿ, ಕೆಲಸದ ಮಾತು ಎತ್ತಿ. ‘ಅವರು ಹನ್ನೊಂದೂವರೆಗೆ ಹೋಗ್ತಾರೆ’ ಅಂದರೆ ನೀವು ಶಾಲೆಯಲ್ಲಿ ಬೋರ್ಡ್ ಮೇಲೆ ಹೆಸರು ಬರೆಯುತ್ತಿದ್ದ ಕ್ಲಾಸ್ ಲೀಡರ್ ಆಗುತ್ತೀರಿ. ‘ಮಧ್ಯಾಹ್ನದ ಮೇಲೆ ಬರುವ ಪ್ರೊಡಕ್ಷನ್ ಟಿಕೆಟ್ ಎಲ್ಲ ನಾನೊಬ್ಬನೇ ನೋಡ್ತಿದ್ದೀನಿ, ಹೋದ ವಾರ ಹನ್ನೊಂದು ಬಂತು, ಹಂಚಿಕೊಡಿ’ ಅಂದರೆ ಅದು ದೂರು ಅಲ್ಲ, ನಿಮ್ಮ ಹಕ್ಕು. ಟಿಕೆಟ್, ಅಂದರೆ ಸರಿಮಾಡಿ ಅಂತ ಬರುವ ಒಂದೊಂದು ಕೋರಿಕೆ, ಅದರ ನಂಬರ್ ಬರೆದಿಟ್ಟುಕೊಳ್ಳಿ. ಮ್ಯಾನೇಜರ್‌ಗೆ ಲೆಕ್ಕ ಕೊಟ್ಟರೆ ಕೆಲಸ ಬೇಗ ಆಗುತ್ತದೆ, ಸಂಕಟ ಹೇಳಿಕೊಂಡರೆ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವ ಉತ್ತರ ಸಿಗುತ್ತದೆ.

ಹಾಗಂತ ಎಲ್ಲ ಕೆಲಸಕ್ಕೂ ಇದೇ ಮಾತು ಅಂತ ತಿಳಿಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಸಹಿ ಹಾಕಿ ಹೋದರೆ, ಎರಡು ಬಸ್ ಬದಲಾಯಿಸಿ ಬಂದ ಬಸುರಿ ಹೆಂಗಸು ಬೆಂಚಿನ ಮೇಲೆ ಕಾಯುತ್ತಾ ಕೂರುತ್ತಾಳೆ. ಅಲ್ಲಿ ಹಾಜರಿಯೇ ಕೆಲಸ. ಅದನ್ನು ಕಂಡ ಸಿಬ್ಬಂದಿ ಸುಮ್ಮನಿದ್ದರೆ ತಪ್ಪು. ನಿಮ್ಮ ಟೀಮಿನವರು ಮನೆಯಿಂದ ಕೋಡ್ ಬರೆದರೆ ಹಾಗೆ ಕಾಯುವವರು ಯಾರೂ ಇಲ್ಲ, ಅಲ್ವಾ?

ನಿಮಗೂ ದಾರಿ ಇದೆ. ನಿಮ್ಮ ಮ್ಯಾನೇಜರ್‌ನ ಕೇಳಿ: ವಾರಕ್ಕೆ ಎರಡು ದಿನ ಮೂರೂವರೆಗೆ ಹೊರಟು ಉಳಿದದ್ದನ್ನು ಮನೆಯಿಂದ ಮಾಡಲಾ? ಕೇಳುವಾಗ ಅವರ ಹೆಸರು ಮಾತ್ರ ಎತ್ತಬೇಡಿ. ‘ಅವರಿಗೆ ಕೊಟ್ಟಿದ್ದೀರಲ್ಲ’ ಅಂದ ಕೂಡಲೇ ಮ್ಯಾನೇಜರ್ ಎಚ್ಚರ ಆಗುತ್ತಾರೆ, ಇಬ್ಬರದ್ದೂ ಬಾಗಿಲು ಮುಚ್ಚುತ್ತದೆ. ಬೇಕಾದರೆ ಆ ಸಹೋದ್ಯೋಗಿಯನ್ನೇ ಕ್ಯಾಂಟೀನ್‌ಗೆ ಕರೆದು ಕೇಳಿ, ಒಪ್ಪಿಗೆ ಹೇಗೆ ತಗೊಂಡ್ರಿ ಅಂತ. ನನ್ನ ಜಾಕೆಟ್‌ನವರನ್ನು ನಾನು ಮೊದಲೇ ಹಾಗೆ ಕೇಳಿದ್ದರೆ ನನ್ನ ಗುರುವಾರ ಉಳಿಯುತ್ತಿತ್ತು.

ಹೆಸರು ಹಾಕದೆ ಹೇಳಬಹುದಾ ಅನ್ನುವುದಕ್ಕೆ: ಹೇಳಬಹುದು, ಅದಕ್ಕೆ ಪೋರ್ಟಲ್ ಕೂಡ ಇರಬಹುದು. ಆದರೆ ಎಂಟು ಜನರ ಟೀಮಿನಲ್ಲಿ, ಆ ಸೀಟು ಕಾಣುವುದು ಇಬ್ಬರಿಗೆ ಮಾತ್ರ ಅಂದಮೇಲೆ, ಯಾರು ಅಂತ ಲೆಕ್ಕ ಹಾಕುವುದಕ್ಕೆ ಎಷ್ಟೊತ್ತು ಬೇಕು? ಆರು ಗಂಟೆಯ ಮೇಲ್ ಬಂದ ಮಾರನೇ ದಿನ ನಾನು ಊಟದ ಡಬ್ಬಿ ಹಿಡಿದು ಕ್ಯಾಂಟೀನ್‌ಗೆ ಹೋದೆ. ದಿನಾ ನಾವು ಕೂರುವ ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಅದರ ಮೇಲೆ ಯಾರೋ ಆ ನೀಲಿ ಜಾಕೆಟ್ ಹಾಕಿದ್ದರು.