ಕರಿ ಗ್ರಾನೈಟ್ ಕುಯ್ಯಲು ಯಾವ ಡೈಮಂಡ್ ಬ್ಲೇಡ್ ತೆಗೆದುಕೊಳ್ಳಬೇಕು? ಅದರಲ್ಲೇ ಹರಳುಗಳನ್ನೂ ಕುಯ್ಯಬಹುದೇ?

ಮಾರ್ಬಲ್ ಕಟ್ಟರ್‌ಗೆ ಹಾಕಿದ ಹೊಸ ಬ್ಲೇಡ್ ಕರಿ ಗ್ರಾನೈಟನ್ನು ಒಂದೆರಡು ಅಡಿ ಚೆನ್ನಾಗಿ ಕುಯ್ದು, ಈಗ ಬರೀ ಉಜ್ಜುತ್ತಾ ಕಿಡಿ ಹಾರಿಸುತ್ತಿದೆ ಎಂದಿದ್ದೀರಿ. ಅದೇ ಬ್ಲೇಡಿನಲ್ಲಿ ಅಗೇಟ್, ಗಾರ್ನೆಟ್ ಹರಳು ಕುಯ್ಯಬಹುದೇ ಎಂದೂ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ: ಬ್ಲೇಡ್ ಬಹುಶಃ ಸವೆದಿಲ್ಲ, ಎಸೆಯಬೇಡಿ. ಎರಡನೆಯದಕ್ಕೆ: ಖಂಡಿತ ಬೇಡ.

ಡೈಮಂಡ್ ಬ್ಲೇಡಿಗೆ ಹಲ್ಲಿಲ್ಲ. ಅಂಚಿನ ಸೆಗ್ಮೆಂಟ್‌ನಲ್ಲಿ (ಕಲ್ಲು ಕುಯ್ಯುವ ಪಟ್ಟಿಯಲ್ಲಿ) ವಜ್ರದ ಕಣಗಳನ್ನು ಲೋಹದ ಪುಡಿಯಲ್ಲಿ ಬೆರೆಸಿ ಕಾಯಿಸಿ ಒತ್ತಿರುತ್ತಾರೆ. ಕಲ್ಲನ್ನು ತಿನ್ನುವುದು ಆ ಕಣ, ಅದನ್ನು ಹಿಡಿದಿರುವುದು ಲೋಹದ ಬಾಂಡ್. ಮೇಲಿನ ಕಣ ಮೊಂಡಾದಾಗ ಸುತ್ತಲಿನ ಬಾಂಡ್ ಸವೆದು ಅದನ್ನು ಉದುರಿಸಬೇಕು, ಆಗ ಅಡಿಯ ಹೊಸ ಕಣ ಹೊರಬರುತ್ತದೆ. ಈ ಬಾಂಡನ್ನು ಸವೆಸುವುದು ಕಲ್ಲಿನಿಂದಲೇ ಬರುವ ಪುಡಿ. ಅದಕ್ಕೇ ಗಟ್ಟಿ ಕಲ್ಲಿಗೆ ಮೆದು ಬಾಂಡ್, ಬಾದಾಮಿಯ ಮರಳುಗಲ್ಲಿನಂಥ ಒರಟು ಕಲ್ಲಿಗೆ ಗಟ್ಟಿ ಬಾಂಡ್. ಅಂಗಡಿಯಲ್ಲಿ ‘ಒಳ್ಳೆ ಬ್ಲೇಡ್ ಕೊಡಿ’ ಎಂದರೆ ಸಾಲದು, ಕಲ್ಲು ಯಾವುದು ಎಂದು ಹೇಳಿ. ಗ್ರಾನೈಟ್ ಬ್ಲೇಡಿನಲ್ಲಿ ಮರಳುಗಲ್ಲು ಕುಯ್ದರೆ ವಜ್ರ ಇನ್ನೂ ಚೂಪಾಗಿರುವಾಗಲೇ ಉದುರಿಹೋಗುತ್ತದೆ. ಶಹಾಬಾದ್ ಕಲ್ಲು ಮೆದು ಸುಣ್ಣಕಲ್ಲು, ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಿಮ್ಮಲ್ಲಿ ಆಗಿರುವುದು ಮರಳುಗಲ್ಲಿನದಕ್ಕೆ ಉಲ್ಟಾ. ಚಾಮರಾಜನಗರದ ಕಡೆಯ ಕರಿ ಗ್ರಾನೈಟ್ ವ್ಯಾಪಾರದ ಹೆಸರಿಗಷ್ಟೇ ಗ್ರಾನೈಟ್, ನಿಜವಾಗಿ ಅದು ಡಾಲರೈಟ್ ಎಂಬ ಬೇರೆಯೇ ಕಲ್ಲು. ಇಳಕಲ್ಲಿನ ಕೆಂಪು ಗ್ರಾನೈಟ್‌ನಲ್ಲಿ ಇರುವಷ್ಟು ಕ್ವಾರ್ಟ್ಜ್ (ಬೆಣಚು) ಇದರಲ್ಲಿಲ್ಲ, ಕಲ್ಲಿನ ಕಣವೂ ನುಣ್ಣಗೆ. ಪುಡಿ ಬಾಂಡನ್ನು ಸವೆಸದೆ ಬರೀ ಪಾಲಿಶ್ ಮಾಡುತ್ತದೆ. ಪ್ಲಗ್ ಕಿತ್ತು ಅಂಚನ್ನು ಬೆರಳಿನಿಂದ ಸವರಿ ನೋಡಿ. ಉಪ್ಪುಕಾಗದದ ಹಾಗೆ ತರಿತರಿ ಇರಬೇಕು. ಗಾಜಿನಷ್ಟು ನುಣುಪಾಗಿದ್ದರೆ ಬಾಂಡ್ ಮುಚ್ಚಿಕೊಂಡಿದೆ ಎಂದರ್ಥ. ಸಿಮೆಂಟ್ ಬ್ಲಾಕ್ ಅಥವಾ ಮರಳುಗಲ್ಲಿನ ತುಂಡಿನಲ್ಲಿ ಹತ್ತು–ಹದಿನೈದು ಗೀರು ಹಾಕಿ, ಬಾಯಿ ಬಿಡುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಕಣದ ಹಿಂದೆ ಲೋಹದ ಚಿಕ್ಕ ಬಾಲ ಕಾಣುತ್ತದೆ. ಕುಯ್ಯುವಾಗ ಕಣಕ್ಕೆ ಆಸರೆ ಅದೇ. ಬ್ಲೇಡನ್ನು ಬಾಣದ ಗುರುತಿಗೆ ತಿರುಗುಮುರುಗಾಗಿ ಹಾಕಿದರೆ ಆ ಆಸರೆ ತಪ್ಪಿ ಕಣಗಳು ಬೇಗ ಉದುರುತ್ತವೆ.

ಕೊಳ್ಳುವಾಗ ನೋಡಬೇಕಾದ್ದು ಇನ್ನೂ ಇದೆ. ಮಾರ್ಬಲ್ ಕಟ್ಟರ್‌ಗೆ ಸಾಮಾನ್ಯವಾಗಿ 110 ಮಿ.ಮೀ. ಬ್ಲೇಡ್, 20 ಮಿ.ಮೀ. ತೂತು. 4 ಇಂಚಿನ ಆಂಗಲ್ ಗ್ರೈಂಡರ್‌ಗೆ 16 ಮಿ.ಮೀ. ತೂತು. ದೊಡ್ಡ ತೂತಿನ ಬ್ಲೇಡನ್ನು ರಿಂಗ್ ಇಲ್ಲದೆ ಕೂರಿಸಿದರೆ ನಡು ತಪ್ಪಿ ಅದುರುತ್ತದೆ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮೆಷಿನ್‌ನದಕ್ಕಿಂತ ಕಡಿಮೆ ಇರಲೇಬಾರದು. ಸೀಳಿರುವ ಸೆಗ್ಮೆಂಟ್ ಅಂಚು ಬೇಗ ಕುಯ್ಯುತ್ತದೆ, ಆದರೆ ಕಲ್ಲಿನ ಅಂಚು ಚಕ್ಕೆ ಏಳುತ್ತದೆ. ಅಡುಗೆಮನೆ ಕಟ್ಟೆಯ ಕಣ್ಣಿಗೆ ಬೀಳುವ ಅಂಚಿಗೆ ಸೀಳಿಲ್ಲದ ಅಖಂಡ ಅಂಚಿನದು ಅಥವಾ ಟರ್ಬೊ (ಅಂಚಿನಲ್ಲಿ ಏರುತಗ್ಗಿನ ಗೀರುಗಳಿರುವ ಬ್ಲೇಡ್) ಒಳ್ಳೆಯದು.

20 ಮಿ.ಮೀ. ದಪ್ಪದ ಸ್ಲ್ಯಾಬನ್ನು ಒಂದೇ ಏಟಿಗೆ ಸೀಳಬೇಡಿ. ಮೊದಲು 3–4 ಮಿ.ಮೀ. ಆಳದ ಗೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ. ಒತ್ತಬೇಡಿ, ಮೆಷಿನ್‌ನ ಭಾರವೇ ಸಾಕು. ಬ್ಲೇಡಿನ ಉಕ್ಕು ನೀಲಿಗಟ್ಟಿದರೆ ಅತಿಯಾಗಿ ಕಾದಿದೆ, ಇನ್ನು ಅದನ್ನು ಬಳಸಬಾರದು. ಕತ್ತರಿಸುವ ಗೆರೆಯ ಎರಡೂ ಬದಿಗೆ ಆಸರೆ ಇರಲಿ, ಇಲ್ಲದಿದ್ದರೆ ಕೊನೆಯ ಎರಡು ಇಂಚಿನಲ್ಲಿ ಸ್ಲ್ಯಾಬ್ ತನ್ನ ಭಾರಕ್ಕೇ ಮುರಿದು ಮೂಲೆ ಹಾರುತ್ತದೆ. ನೀರು ಹರಿಸುತ್ತಲೇ ಕುಯ್ಯಿರಿ: ಬ್ಲೇಡ್ ಉಳಿಯುವುದಕ್ಕಿಂತ ನಿಮ್ಮ ಶ್ವಾಸಕೋಶ ಉಳಿಯುವುದು ಮುಖ್ಯ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಮೂಗಿಗೆ ಕರ್ಚೀಫು ಕಟ್ಟಿದರೆ ಏನೂ ತಡೆಯುವುದಿಲ್ಲ; ಕನಿಷ್ಠ ಎನ್95 ಮಾಸ್ಕ್ ಹಾಕಿ. ನೀರು, ಕರೆಂಟು ಒಟ್ಟಿಗಿರುವುದರಿಂದ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಿಂದಲೇ ಸಂಪರ್ಕ ಕೊಡಿ.

ಇನ್ನು ಹರಳು. ನಿಮ್ಮ ಬ್ಲೇಡ್ ಸುಮಾರು 2 ಮಿ.ಮೀ. ಅಗಲ ತಿನ್ನುತ್ತದೆ. 10 ಮಿ.ಮೀ. ಗಾರ್ನೆಟ್‌ನಲ್ಲಿ ಒಂದು ಕುಯ್ತಕ್ಕೆ ಐದನೇ ಒಂದು ಭಾಗ ಪುಡಿ! ಮೇಲಾಗಿ ವಜ್ರದ ಕಣ ದಪ್ಪ, ವೇಗ 12–13 ಸಾವಿರ ಆರ್‌ಪಿಎಂ; ಹರಳು ಸೀಳಿ ಸಿಡಿಯುತ್ತದೆ, ಕೈಯಲ್ಲಿ ಹಿಡಿದಿದ್ದರೆ ಬೆರಳೂ ಹೋಗುತ್ತದೆ. ಇದಕ್ಕೆ ಬೇಕಾದ್ದು ಚಿಕ್ಕ ಟ್ರಿಮ್ ಸಾ (ಹರಳು ಕುಯ್ಯುವ ಪುಟ್ಟ ಗರಗಸದ ಮೆಷಿನ್), ಅಖಂಡ ಅಂಚಿನ ತೆಳು ಬ್ಲೇಡ್: 4 ಇಂಚಿಗೆ 0.3–0.4 ಮಿ.ಮೀ., 6 ಇಂಚಿಗೆ 0.5–0.8 ಮಿ.ಮೀ. 6 ಇಂಚಿನದಕ್ಕೆ ಸುಮಾರು 2,000 ಆರ್‌ಪಿಎಂ ಸಾಕು. ಅಗ್ಗದ ಎಲೆಕ್ಟ್ರೋಪ್ಲೇಟೆಡ್ ಬ್ಲೇಡಿನಲ್ಲಿ ವಜ್ರ ಒಂದೇ ಪದರ. ಅದು ಹೋದರೆ ಮುಗಿಯಿತು, ಸಾಣೆ ಹಿಡಿದರೂ ಹೊಸದು ಬರುವುದಿಲ್ಲ. ಅಗೇಟ್ ದಿನವೂ ಕುಯ್ಯುವುದಾದರೆ ದುಡ್ಡು ಹೆಚ್ಚಾದರೂ ಸಿಂಟರ್ಡ್ (ವಜ್ರವನ್ನು ಲೋಹದ ಪುಡಿಯಲ್ಲಿ ಬೆರೆಸಿ ಕಾಯಿಸಿ ಒತ್ತಿದ) ಅಂಚಿನದೇ ತೆಗೆದುಕೊಳ್ಳಿ.

ತೆಳು ಬ್ಲೇಡ್ ಹೆಚ್ಚಾಗಿ ಹಾಳಾಗುವುದು ಸವೆದಲ್ಲ, ಸೊಟ್ಟಗಾಗಿ. ಕಲ್ಲು ಓರೆಯಾಗಿ ಬಂದರೆ ಪಕ್ಕದ ಒತ್ತಡಕ್ಕೆ ಬ್ಲೇಡ್ ತಟ್ಟೆಯಂತೆ ಬಾಗುತ್ತದೆ. ಆದ್ದರಿಂದ ಹರಳನ್ನು ಮರದ ತುಂಡಿಗೆ ಅರಗಿನಲ್ಲಿ ಅಂಟಿಸಿ, ವೈಸ್‌ನಲ್ಲಿ ಬಿಗಿದು, ನೇರವಾಗಿ ನಿಧಾನಕ್ಕೆ ತಳ್ಳಿ. ಬ್ಲೇಡ್ ಕಲ್ಲಿನಿಂದ ಹೊರಬರುವ ಕ್ಷಣದಲ್ಲಿ ಒತ್ತಡ ಪೂರ್ತಿ ಬಿಡಿ. ಸಣ್ಣ ಸಾಗೆ ನೀರು ಸಾಕು, ಓಪಲ್ ಆದರೂ. ದೊಡ್ಡ ಸ್ಲ್ಯಾಬ್ ಸಾಗಳಲ್ಲಿ ಬಳಸುವ ಎಣ್ಣೆ ಓಪಲ್‌ನಂಥ ರಂಧ್ರವಿರುವ ಕಲ್ಲಿನೊಳಗೆ ಇಳಿದು ಕಲೆಯಾಗುತ್ತದೆ. ಕೆಲಸ ಮುಗಿದ ಮೇಲೆ ತೊಟ್ಟಿಯ ನೀರು ಪೂರ್ತಿ ಚೆಲ್ಲಿ, ಬ್ಲೇಡ್ ಒರೆಸಿಡಿ. ರಾತ್ರಿಯಿಡೀ ನೀರಲ್ಲಿ ಮುಳುಗಿದ್ದರೆ ತೆಳು ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.