ಮಹಡಿ ಕೋಣೆಯ ಹೋಮ್ ಥಿಯೇಟರ್: ದುಡ್ಡು ಮೊದಲು ಗೋಡೆಗೆ

ಕಾರವಾರದ ಮನೆಯ ಮಹಡಿಯಲ್ಲಿ 12x10 ಅಡಿ ಕೋಣೆ ಇದೆ, ಕಡಿಮೆ ಖರ್ಚಲ್ಲಿ ಹೋಮ್ ಥಿಯೇಟರ್ ಆಗುತ್ತಾ, ಪ್ರೊಜೆಕ್ಟರ್ ಮಳೆಗಾಲ ತಡೆಯುತ್ತಾ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ.

ಮೊದಲು ಗೋಡೆ ನೋಡಿ. ನಮ್ಮ ಕಡೆ ಜೂನ್ ಬಂತೆಂದರೆ ಹೊರಗೋಡೆ ತೇವ ಹಿಡಿಯುತ್ತದೆ, ಅಲ್ವಾ? ಚಿತ್ರಕ್ಕೆ ಒಳಗೋಡೆಯನ್ನೇ ಆರಿಸಿ. ಪುಟ್ಟಿ ಹಾಕಿ, ನುಣ್ಣಗೆ ಉಜ್ಜಿ, ಹೊಳಪಿಲ್ಲದ ಬಿಳಿ ಬಣ್ಣ ಬಳಿಯಿರಿ. ಬೇರೆ ಪರದೆ ಬೇಡ. ಸುತ್ತ ನಾಲ್ಕು ಬೆರಳಗಲ ಕಪ್ಪು ಪಟ್ಟಿ ಎಳೆದರೆ ಚಿತ್ರ ಎದ್ದು ಕಾಣುತ್ತದೆ.

ಚಿತ್ರ ಮೂಲೆಯಿಂದ ಮೂಲೆಗೆ 80 ಇಂಚು ಇದ್ದರೆ ಸಾಕು. ಅಗಲ ಸುಮಾರು 5 ಅಡಿ 10 ಇಂಚು ಬರುತ್ತದೆ, 9 ಅಡಿ ದೂರ ಕೂತರೆ ಕಣ್ಣಿಗೆ ಹಿತ. ಕೊಳ್ಳುವ ಮುಂಚೆ ಥ್ರೋ ರೇಶಿಯೋ ಕೇಳಿ, ಅಂದರೆ ಪ್ರೊಜೆಕ್ಟರ್ ಇಡುವ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಎಂಬ ಲೆಕ್ಕ. ಅದು 1.3 ಇದ್ದರೆ ಪ್ರೊಜೆಕ್ಟರನ್ನು ಗೋಡೆಯಿಂದ ಏಳೂವರೆ ಅಡಿ ದೂರ ಇಡಬೇಕು.

ಐದು ಸ್ಪೀಕರ್, ಒಂದು ಬಾಸ್ ಸ್ಪೀಕರ್ ಇರುವ 5.1 ಸೆಟ್ ಸದ್ಯಕ್ಕೆ ಬಿಡಿ, ಎರಡು ಒಳ್ಳೆ ಸ್ಪೀಕರ್ ತಗೊಳ್ಳಿ. ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ. ಸದ್ದು ಗುಂಯ್ ಎಂದರೆ ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿ. ಗೋಡೆಗೆ ಫೋಮ್ ಅಂಟಿಸಲೇಬೇಡಿ, ಹಿಂದೆ ಬೂಷ್ಟು ಹಿಡಿಯುತ್ತದೆ.

ಮಳೆಗಾಲದಲ್ಲಿ ಸಿನಿಮಾ ನೋಡದಿದ್ದರೂ ವಾರಕ್ಕೆರಡು ಸಲ ಸುಮ್ನೆ ಪ್ರೊಜೆಕ್ಟರ್ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಉಳಿದ ದಿನ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿರಲಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ, ಡಿಶ್ ಕೇಬಲ್ ಕೂಡ.